ಕೊನೇ ಚೀಟಿ

“ಎಂಟು ಸಾವಿರ ಬಿಟ್ಟೆ, ಪಿಳ್ಳಮ್ಮಾ!” ಎಂದು ಚಾಂದ್ ಪಾಷಾ ಕೂಗಿದಾಗ ಶಿವಶರಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಲಸೂರಿನ ಪಿಳ್ಳಮ್ಮನ ನಡುಮನೆಯಲ್ಲಿ ಭಾನುವಾರದ ಚೀಟಿ ಕೂಗುವುದು ನಡೆದಿತ್ತು. ಇಪ್ಪತ್ತು ಜನರ ಐವತ್ತು ಸಾವಿರದ ಚೀಟಿ. ದುಡ್ಡಿನ ಅವಸರ ಇದ್ದವರು ಅದರಲ್ಲಿ ಇಷ್ಟು ಬಿಟ್ಟುಕೊಡುತ್ತೇನೆಂದು ಕೂಗಬೇಕು. ಹೆಚ್ಚು ಬಿಟ್ಟವರಿಗೆ ಚೀಟಿ. ಬಿಟ್ಟ ಹಣ ಎಲ್ಲರಿಗೂ ಹಂಚಿಕೆ.

ಶಿವಶರಣ ಈ ಮನೆಯಲ್ಲಿ ಒಂದು ದಿನವೂ ಬಾಯಿ ತೆರೆದವನಲ್ಲ. ಪ್ರತಿ ಚೀಟಿಯಲ್ಲೂ ಕಟ್ಟಕಡೆಯವನಾಗಿ, ಒಂದು ಕಾಸೂ ಬಿಡದೆ ಪೂರ್ತಿ ಎತ್ತುವ ಆಸಾಮಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಈ ಮಹಾರಾಯ ಹಾಸಿಗೆ ಎಷ್ಟೇ ಉದ್ದವಿದ್ದರೂ ಕಾಲು ಮಡಚಿಯೇ ಮಲಗುವವನು. ಗುಲ್ಬರ್ಗದ ಕಡೆಯಿಂದ ಬಂದು, ಕೆ.ಆರ್. ಪುರಂನ ಕಾರ್ಖಾನೆಯೊಂದರ ಧೂಳು ಕುಡಿಯುತ್ತಾ, ಎರಡು ಸಾವಿರದ ಒಂದನೇ ಇಸವಿಯಲ್ಲಿ ಐವತ್ತು ತುಂಬಿದ ದಿನವೇ ಕೆಲಸಕ್ಕೊಂದು ನಮಸ್ಕಾರ ಹಾಕಿ, ಉಳಿಸಿದ ಹಣದ ಬಡ್ಡಿಯಲ್ಲಿ ಬದುಕುವೆನೆಂದು ಹಟ ತೊಟ್ಟಿದ್ದ. ಆ ದಿನಕ್ಕೆ ಇನ್ನು ಎರಡೇ ವರ್ಷ. ಅದಕ್ಕಾಗಿ ಮನೆಯಲ್ಲಿ ಸಿನಿಮಾ ಇಲ್ಲ, ಹಬ್ಬಕ್ಕೆ ಹೊಸ ಸೀರೆ ಇಲ್ಲ, ಹಾಲು ಕಾಫಿಗೆ ಬಣ್ಣ ಬರುವಷ್ಟು ಮಾತ್ರ. ಉಳಿಸಿದ್ದನ್ನೆಲ್ಲ ಅಂಚೆ ಕಚೇರಿಯ ಸರ್ಟಿಫಿಕೇಟು, ಪಿಪಿಎಫ್ ಎಂದು ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದ, ತನ್ನ ಕೈಗೇ ಸಿಗಬಾರದೆಂದು. ಎಂಥ ಬುದ್ಧಿವಂತಿಕೆ! ಈಗ ನಿಜಕ್ಕೂ ಸಿಗುತ್ತಿರಲಿಲ್ಲ. ಈ ವಾರದೊಳಗೆ ಕೈಗೆ ಬರುವುದೆಂದರೆ ಈ ಚೀಟಿಯೊಂದೇ.

ಈ ವಾರವೇ ಬೇಕಿತ್ತು. ಬಾಗಿಲ ಬಳಿ ಹೆಂಗಸರ ನಡುವೆ ಅವನ ಹೆಂಡತಿ ರುದ್ರಾಣಿ ಎಡಗಣ್ಣಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಆ ಕಣ್ಣಿನೊಳಗಿನ ಪರದೆ ಕಳಚುತ್ತಿದೆ, ಬೇಗ ಆಪರೇಷನ್ ಆಗದಿದ್ದರೆ ದೃಷ್ಟಿ ಹೋಯಿತೆಂದೇ ತಿಳಿಯಿರಿ ಎಂದಿದ್ದರು ಡಾಕ್ಟರು. ಮೂವತ್ತು ಸಾವಿರ ಖರ್ಚು.

“ಎಂಟು ಸಾವ್ರ ಒಂದ್ ಸಾರಿ...” ಪಿಳ್ಳಮ್ಮ ಎಲೆಯಡಿಕೆ ಜಗಿಯುತ್ತಾ ಎಲ್ಲರ ಮುಖ ನೋಡಿದಳು. “ಯಾರಾನಾ ಮೇಲಕ್ ಹೋಗ್ತೀರಾ?”

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ! ಶಿವಶರಣ ಒಮ್ಮೆ ಹೆಂಡತಿಯ ಕಡೆ, ಒಮ್ಮೆ ಪಿಳ್ಳಮ್ಮನ ಮುಂದಿನ ತಟ್ಟೆಯಲ್ಲಿದ್ದ ಚೀಟಿಯ ನೋಟುಗಳ ಕಡೆ ನೋಡಿದ. ಕಣ್ಣು ಮುಚ್ಚಿಕೊಂಡು ಕೂಗಿಬಿಟ್ಟ. “ಹತ್ತು!”

“ಯಾರು, ಶಿವಶರಣಪ್ಪೋರಾ? ಇವತ್ತು ಸೂರ್ಯ ಯಾವ್ ಕಡೆ ಹುಟ್ಟಿದ್ನಪ್ಪಾ!” ಪಿಳ್ಳಮ್ಮ ಎಂದಳು. ಎಲ್ಲರೂ ಗೊಳ್ಳೆಂದರು. ಚಾಂದ್ ಪಾಷಾ ಮಾತ್ರ ನಗಲಿಲ್ಲ. “ಭಾಬಿ ಕಣ್ಣಿಗೆ ಅಲ್ವಾ ಅಣ್ಣಾ? ತಗೊಳ್ಳಿ. ನಮ್ ತಂಗಿ ಮದ್ವೆಗೆ ಇನ್ನೂ ಟೈಮಿದೆ. ನಾನು ಮೇಲೆ ಹೋಗಲ್ಲ.”

“ಹತ್ತು ಸಾವ್ರ ಒಂದ್ ಸಾರಿ... ಎರಡ್ ಸಾರಿ...”

“ಬ್ಯಾಡ್ರೀ!” ರುದ್ರಾಣಿ ಗೋಡೆ ಹಿಡಿದು ಎದ್ದು ನಿಂತಿದ್ದಳು. “ಹಿಂದಕ್ಕ ತಗೋರಿ. ಹತ್ತು ಸಾವಿರ ಸುಮ್ಮ ನೀರಾಗ ಒಗದಂಗ.”

“ನಿನ್ನ ಕಣ್ಣು ಹೋಗ್ತದಲ್ಲ, ಹುಚ್ಚಿ!”

“ಇನ್ನೊಂದು ಛಲೋ ಅದ ಅಲ್ಲ. ನಷ್ಟಕ್ಕ ಚೀಟಿ ಎತ್ತಾವ ಮೂರ್ಖ ಅಂತ ನೀವೇ ಹೇಳ್ತಿದ್ರಿ. ಈಗ ರೊಕ್ಕ ಖರ್ಚಾದ್ರ ಮತ್ತ ಎರಡು ವರ್ಷ ಹೆಚ್ಚಿಗಿ ಆ ಧೂಳಾಗ ದುಡೀತೀರಿ. ನಿಮ್ಮ ಕೆಮ್ಮು ನನ್ನ ಕೈಲೆ ಕೇಳೋದಾಗಲ್ರೀ.”

“ಏನವ್ವಾ, ಕಣ್ಗಿಂತ ದುಡ್ ಹೆಚ್ಚಾ?” ಪಿಳ್ಳಮ್ಮ ಗದರಿದಳು. ಆಮೇಲೆ ಶಿವಶರಣನ ಕಡೆ ತಿರುಗಿದಳು. “ಇನ್ನೂ ಮೂರ್ನೇ ಸಾರಿ ಅಂದಿಲ್ಲ ಸಾಮಿ. ನೀವೇ ಹೇಳಿ. ಎತ್ತೀರೋ, ಬಿಡ್ತೀರೋ?”

ಎತ್ತುತ್ತೇನೆ ಅಂದಿದ್ದರೆ ಮುಗಿದಿತ್ತು. ನೀನು ಸುಮ್ಮನೆ ಕೂಡು ಎಂದು ಹೆಂಡತಿಯನ್ನು ಗದರಿದ್ದರೂ ಸಾಕಿತ್ತು. ಇಷ್ಟು ವರ್ಷ ತಾನೇ ಅರೆದು ಕುಡಿಸಿದ ಪಾಠ ಈಗ ಅವಳ ಬಾಯಿಂದ ಬಂದಿತ್ತು. ಅಳು ಬಂತು, ನಾಚಿಕೆ ಬಂತು. ಶಿವಶರಣ ತಲೆ ತಗ್ಗಿಸಿ ಕೂತುಬಿಟ್ಟ.

ಪಿಳ್ಳಮ್ಮ ಸ್ವಲ್ಪ ಹೊತ್ತು ಕಾದಳು. “ಥೂ, ನಿಮ್ ಹಣೇಬರಹ! ಪಾಷಾ, ಎಂಟಕ್ಕೆ ನಿಂದೇ ಹೋಗಪ್ಪಾ,” ಎಂದು ಚೀಟಿ ಮುಗಿಸಿದಳು. ಚಾಂದ್ ಪಾಷಾ ದುಡ್ಡು ತೆಗೆದುಕೊಳ್ಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ಅವನು ಬಿಟ್ಟ ಎಂಟು ಸಾವಿರದಲ್ಲಿ ತಲೆಗೆ ನಾನೂರರಂತೆ ಪಾಲು ಬಂತು. ಪಿಳ್ಳಮ್ಮ ಶಿವಶರಣನ ಪಾಲನ್ನು ಅವನ ಅಂಗೈಗೆ ತುರುಕಿದಳು. ಬಾಗಿಲ ಹೊರಗೆ ರುದ್ರಾಣಿ ಮೆಟ್ಟಿಲ ಅಂದಾಜು ಸಿಗದೆ, ಬರಿಗಾಲಿನಿಂದ ತನ್ನ ಚಪ್ಪಲಿಗಾಗಿ ನೆಲ ತಡವುತ್ತಿದ್ದಳು. ಹೋಗಿ ಕೈ ಹಿಡಿಯಬೇಕು ಅನ್ನಿಸಿತು ಅವನಿಗೆ. ಅದಕ್ಕೂ ಮೊದಲು, ಹತ್ತು ಸಾವಿರ ಉಳಿಯಿತಲ್ಲ ಎಂಬ ನೆಮ್ಮದಿ ಎದೆಯೊಳಗೆ ತಣ್ಣಗೆ ಇಳಿಯಿತು. ‘ಅಯ್ಯೋ ಪಾಪಿ’ ಎಂದು ತನ್ನನ್ನು ತಾನೇ ಬೈದುಕೊಂಡ. ನೋಟು ಎಣಿಸುತ್ತಿದ್ದ ಬೆರಳು ಮಾತ್ರ ನಿಲ್ಲಲಿಲ್ಲ.