ಫ್ಲಾಸಿ ಬಲ್ಲ ಕೈ

ನೋಲಾ ತುಟಿ ಚೂಪು ಮಾಡಿ ಸಿಳ್ಳೆ ಹಾಕಿದಳು. ಪುಸ್ ಎಂದು ಗಾಳಿ ಬಂತು, ಅಷ್ಟೇ. ಹುಲ್ಲುಗಾವಲಿನ ಆಚೆ ತುದಿಯಲ್ಲಿ ಅವಳ ನಾಯಿ ಫ್ಲಾಸಿ ಮೂರು ಕುರಿಗಳನ್ನು ಮನಸ್ಸಿಗೆ ಬಂದಂತೆ ಓಡಿಸುತ್ತಿತ್ತು. ಕುರಿ ದೊಡ್ಡಿಗೆ ಬಾರದಿದ್ದರೆ ಫ್ಲಾಸಿ ಇವತ್ತೇ ಪಕ್ಕದ ಫಾರ್ಮಿನ ಕೆವಿನ್‌ ಪಾಲು. ಕೆಲಸ ಮಾಡಿಸಲಾಗದವರು ಕುರಿನಾಯಿ ಸಾಕಬಾರದು, ನನ್ನಿಂದಾಗದಿದ್ದರೆ ನಾಯಿ ನಿನಗೇ ಎಂದು ಅವನಿಗೆ ಮಾತು ಕೊಟ್ಟವಳು ನೋಲಾಳೇ. ಬಾಯಿ ಸುಮ್ಮನಿರಬೇಕಲ್ಲ!

'ನಿಲ್ಲು' ಎಂದು ಕೈ ಎತ್ತಿದಳು. ಕೈ ಕಂಬದ ಹಾಗೆ ನಿಂತಿತು. ಆರು ವರ್ಷ ಗಡಗಡ ನಡುಗಿದ ಕೈ ಅದು. ಎರಡು ತಿಂಗಳ ಹಿಂದೆ ಸಿಡ್ನಿಯ ಡಾಕ್ಟರು ಮೆದುಳಿಗೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸಿ ನಡುಕ ನಿಲ್ಲಿಸಿದ್ದರು. ನೋಲಾ ಚೆಲ್ಲದೆ ಟೀ ಸುರಿಯುವುದನ್ನು ನೋಡಲು ಅರ್ಧ ಊರೇ ಬಂದಿತ್ತು.

ಫ್ಲಾಸಿ ಆ ಕೈಯತ್ತ ನೋಡಿ, ಮತ್ತೆ ಓಡಿತು.

"ಯಾಕೇ, ಸಿಳ್ಳೆ ಮನೇಲೇ ಬಿಟ್ಟು ಬಂದ್ಯಾ?" ಗಂಡ ಲೆಸ್ ಬೇಲಿಯಾಚೆಯಿಂದ ಕೇಳಿದ.

"ಉಸಿರು ಸಾಲ್ತಿಲ್ಲ ಕಣೋ. ಡಾಕ್ಟ್ರು ಬ್ಯಾಟರಿ ಕರೆಂಟ್ ಜಾಸ್ತಿ ಮಾಡಿದಾಗಿಂದ ಹೀಗೇ."

"ಡಾಕ್ಟ್ರಿಗೆ ಹೇಳಿದ್ಯಾ?"

"ಹೇಳಿದ್ರೆ ಕಡಿಮೆ ಮಾಡ್ತಾರೆ. ಕೈ ಮತ್ತೆ ನಡುಗುತ್ತೆ."

"ನಡುಗ್ಲಿ ಬಿಡೆ ಮಾರಾಯ್ತಿ. ನಡುಗ್ದೆ ಇರೋ ಕೈ ಹೆಣಕ್ಕೂ ಇರುತ್ತೆ."

ತನ್ನ ವ್ಯಾನಿಗೆ ಒರಗಿ ನಿಂತಿದ್ದ ಕೆವಿನ್, ಫ್ಲಾಸಿಯನ್ನು ಕಟ್ಟಿ ಒಯ್ಯಲು ತಂದಿದ್ದ ಹಗ್ಗದ ಸುರುಳಿ ಬಿಚ್ಚತೊಡಗಿದ. ನೋಲಾ ಜೇಬಿನಿಂದ ಬ್ಯಾಟರಿಯ ರಿಮೋಟ್ ತೆಗೆದಳು. ಸ್ವಲ್ಪ ಏರಿಸಿ ಇಳಿಸಿಕೊಳ್ಳಲು ಡಾಕ್ಟರೇ ಕೊಟ್ಟಿದ್ದು. ಇಳಿಸುವ ಗುಂಡಿಯನ್ನು ಮೂರು ಸಲ ಒತ್ತಿದಳು.

ಒಂದೆರಡು ನಿಮಿಷದಲ್ಲಿ ಉಸಿರು ಹೊಟ್ಟೆಯ ತಳದವರೆಗೂ ಇಳಿಯಿತು. ಅಬ್ಬ, ಏನು ಸುಖ! ಅದರ ಬೆನ್ನಿಗೇ ನಡುಕವೂ ಬಂತು. ಅವಳು ಆ ಕೈಯನ್ನೇ ಎತ್ತಿದಳು.

ಸಿಳ್ಳೆಗೆ ಮೊದಲೇ ಫ್ಲಾಸಿ ಹುಲ್ಲಿಗೆ ಅಂಟಿಕೊಂಡು ಕೂತಿತು. ಮರಿಯಾಗಿದ್ದಾಗಿನಿಂದ ಅದು ಕಲಿತದ್ದು ನಡುಗುವ ಕೈಯ ಸನ್ನೆಯನ್ನೇ. ಗಟ್ಟಿ ಕೈಯ ಹೆಂಗಸು ಅದಕ್ಕೆ ಯಾರೋ ಬೇರೆಯವಳು. ಆಮೇಲೆ ಸಿಳ್ಳೆಯೂ ಬಂತು, ಕುರಿಗಳೂ ಬಂದವು. ಕೆವಿನ್ ಹಗ್ಗ ಸುತ್ತಿ ವ್ಯಾನಿನೊಳಗೆ ಎಸೆದ.

ಲೆಸ್ ಟೀ ತಂದುಕೊಟ್ಟ. ಅರ್ಧ ಟೀ ಅವಳ ಬೂಟಿನ ಮೇಲೆ ಚೆಲ್ಲಿತು.

"ಸೋಮವಾರ ಡಾಕ್ಟ್ರಿಗೆ ಫೋನ್ ಮಾಡ್ತೀಯ ತಾನೇ?"

"ಮಾಡ್ತೀನಿ. ಉಸಿರು ಪೂರ್ತಿ ಬೇಕು ಅಂತೀನಿ." ನೋಲಾ ಫ್ಲಾಸಿಯ ತಲೆ ಸವರಿದಳು. "ನಡುಕ ಒಂಚೂರು ಉಳಿಸಿ ಅಂತೀನಿ. ಇಲ್ದಿದ್ರೆ ಇವಳಿಗೆ ನನ್ನ ಗುರುತೇ ಸಿಗಲ್ಲ."