ಗರಡಿಯ ಮಣ್ಣು

ಕಣದೊಳಗೆ ನಿಂತಿದ್ದ, ಕುಸ್ತಿ ಕಲಿಸುವ ವಸ್ತಾದ ಭರಮಣ್ಣ ಒಂದು ಹಿಡಿ ಕೆಂಪು ಮಣ್ಣು ತೆಗೆದು, ಅಂಚಿನಲ್ಲಿದ್ದ ನಗರಸೇವಕ ಮುತ್ತಪ್ಪನ ಮುಂದೆ ಚಾಚಿದ. ಗೋಡೆಗೆ ಆತು ನಿಂತ ಪೈಲ್ವಾನರೆಲ್ಲ ನೆಟ್ಟಗಾದರು. ಈ ಗರಡಿಯಲ್ಲಿ ಮಣ್ಣು ಚಾಚಿದರೆ ಕುಸ್ತಿಗೆ ಕರೆದಂತೆ. ಎದುರಿನವನು ಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರೆ ಒಪ್ಪಿದಂತೆ. ಅಳತೆಗೆ ಬಂದಿದ್ದ ಇಂಜಿನಿಯರ್‌ಗೆ ಮಾತ್ರ ಇದು ಗೊತ್ತಿರಲಿಲ್ಲ. ಪ್ರಸಾದವೆಂದುಕೊಂಡು ಅಂಗೈ ಒಡ್ಡಿದ.

“ನಿಮಗಲ್ಲರೀ ಸಾಹೇಬರ,” ಎಂದ ಭರಮಣ್ಣ. “ಇದು ನನ್ನ ಶಿಷ್ಯಾಗ. ಖಾನಾಪುರದಿಂದ ಬಂದು ಇಲ್ಲೇ ಉಂಡು, ಇಲ್ಲೇ ಬೆಳದಾನ. ನಿನ್ನೆ ಸಭಾದಾಗ ಈ ಗರಡಿ ಕೆಡವಿ ಅಂಗಡಿ ಕಟ್ಟಾಕ ಕೈ ಎತ್ಯಾನ. ಆ ಕೈಯಾಗ ಎಷ್ಟು ಜೋರ ಐತಿ ನೋಡೂಣು.”

“ಬೆಳಗಾವಿ ಸುಧಾರಿಸಬೇಕಲ್ರೀ ವಸ್ತಾದರ,” ಮುತ್ತಪ್ಪ ನಕ್ಕ. “ನಿಮಗೂ ಒಂದು ಅಂಗಡಿ ಕೊಡಸ್ತೀನಿ.”

ಭರಮಣ್ಣನ ಮುಷ್ಟಿ ಬಿಗಿದು, ಬೆರಳ ಸಂದಿಯಿಂದ ಮಣ್ಣು ಸುರಿಯಿತು. ಅದನ್ನು ಕಂಡ ಮುತ್ತಪ್ಪ, ಚುನಾವಣೆಯಲ್ಲಿ ಮನೆಮನೆಗೆ ಹೋಗಿ ಮಾಡಿದ್ದನ್ನೇ ಇಲ್ಲೂ ಮಾಡಿದ. “ಸಿಟ್ಟ ಬಿಡ್ರಿ, ಆಶೀರ್ವಾದ ಮಾಡ್ರಿ,” ಎನ್ನುತ್ತ ಗುರುವಿನ ಕಾಲಿಗೆ ಬಗ್ಗಿದ. ಭರಮಣ್ಣ ಎರಡೂ ಕಾಲು ಹಿಂದಕ್ಕೆ ಸರಿಸಿಕೊಂಡ. ಮುತ್ತಪ್ಪನ ಬೆರಳುಗಳು ಬರೀ ಮಣ್ಣಿಗೆ ತಗುಲಿದವು. ಎಷ್ಟೋ ವರ್ಷಗಳ ರೂಢಿಯಿಂದ ತಾವಾಗಿಯೇ ಹಣೆಗೆ ಹೋದವು.

ಗೋಡೆಯ ಬಳಿ ಯಾರೋ ಜೋರಾಗಿ ಉಸಿರೆಳೆದರು. ಮುತ್ತಪ್ಪ ತನ್ನ ಕೆಂಪಾದ ಬೆರಳುಗಳನ್ನು ನೋಡಿಕೊಳ್ಳುವಷ್ಟರಲ್ಲಿ ಭರಮಣ್ಣ ತೊಡೆ ತಟ್ಟಿದ.

“ಮಣ್ಣ ಹಚ್ಕೊಂಡಿ. ಇನ್ನ ಅಂಗಿ ಬಿಚ್ಚೋ.”