ಅಲ್ಲಾಡುವುದಕ್ಕೆ ಜಾಗ ಜಾಸ್ತಿ

ತೀರಿಕೊಂಡ ಗಂಡನ ವಿಡಿಯೊ ಇದ್ದ ಮೆಮೊರಿ ಕಾರ್ಡನ್ನು ಸುನಂದಮ್ಮ ಕಳೆದ ವಾರ ಸ್ಟುಡಿಯೊದಲ್ಲಿ ಕೊಟ್ಟು, ಅದನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದರು. ಕಾರ್ಡು ಸ್ಟುಡಿಯೊದಲ್ಲೇ ಉಳಿದಿತ್ತು. ಇವತ್ತು ಮೊಬೈಲ್ ಹಿಡಿದು ಮತ್ತೆ ಬಂದರು.

"ಅಣ್ಣಾ, ಇದು ಮಸುಕಾಗಿದೆ."

ಸ್ಟುಡಿಯೊದ ಜಯಣ್ಣ ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಟ್ಟ. "ಫೈಲು ತುಂಬಾ ದೊಡ್ಡದಿತ್ತಮ್ಮ, ನಿಮ್ಮ ಮೊಬೈಲಲ್ಲಿ ಹಿಡೀತಿರ್ಲಿಲ್ಲ. ಕ್ವಾಲಿಟಿ ಇಳಿಸಿ ಚಿಕ್ಕದು ಮಾಡಿದೆ."

"ಮತ್ತೆ ಹಿಂದಿನ ಗೋಡೆ, ಕ್ಯಾಲೆಂಡರು ಎಲ್ಲಾ ಚೆನ್ನಾಗಿ ಕಾಣ್ತವಲ್ಲ?"

"ಅಲ್ಲಾಡದೆ ಇರೋದಕ್ಕೆ ಫೈಲಲ್ಲಿ ಕಮ್ಮಿ ಜಾಗ ಸಾಕಮ್ಮ. ಅಲ್ಲಾಡೋದಕ್ಕೆ ಜಾಸ್ತಿ ಬೇಕು. ಜಾಗ ಸಾಲದಿದ್ರೆ ಅದೇ ಮೊದಲು ಕಲಸಿಹೋಗೋದು."

"ಹಾಗಾದ್ರೆ ಕಾರ್ಡಿಂದ ಇನ್ನೊಂದ್ಸಲ ಹಾಕಿಕೊಡಿ. ದೊಡ್ಡದಾದ್ರೂ ಪರವಾಗಿಲ್ಲ."

ಜಯಣ್ಣ ತಲೆ ತಗ್ಗಿಸಿದ. ಆ ವಿಡಿಯೊವನ್ನು ಅವನು ಪೂರ್ತಿ ನೋಡಿಯೂ ಇರಲಿಲ್ಲ. ಮೊನ್ನೆ ಅವಸರದಲ್ಲಿ ಅದೇ ಕಾರ್ಡನ್ನು ಅಳಿಸಿ, ತನ್ನ ಕ್ಯಾಮೆರಾಕ್ಕೆ ಹಾಕಿ, ಯಾರದೋ ನಾಮಕರಣ ಚಿತ್ರೀಕರಿಸಿದ್ದ.

"ತಪ್ಪಾಯ್ತಮ್ಮ. ಅದರಲ್ಲಿದ್ದದ್ದು ಅಳಿಸಿಹೋಗಿದೆ."

ಸುನಂದಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಆಸ್ಪತ್ರೆಗೆ ಸೇರೋ ಮುಂಚೆ, ನನಗೇನೋ ಹೇಳ್ಬೇಕು ಅಂತ ಸ್ನೇಹಿತರ ಹತ್ರ ಇದನ್ನ ಮಾಡಿಸಿಟ್ಟಿದ್ರು," ಎಂದರು.

ಜಯಣ್ಣ ಆಸೆಯಿಂದ ಮೊಬೈಲ್ ಇಸಿದುಕೊಂಡು ನೋಡಿದ. ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಮುಖ ಸ್ಪಷ್ಟವಾಗೇ ಇದೆಯಲ್ಲಮ್ಮ! ಕೈ ಮಾತ್ರ ಕಲಸಿಹೋಗಿದೆ. ವಾಲ್ಯೂಮ್ ಜಾಸ್ತಿ ಮಾಡ್ತೀನಿ ಇರಿ, ಮಾತು ಎಲ್ಲೂ ಹೋಗಿರೋದಿಲ್ಲ."

"ಅವರಿಗೆ ಮಾತು ಬರ್ತಿರ್ಲಿಲ್ಲ ಅಣ್ಣಾ. ಎಲ್ಲಾನೂ ಕೈಯಲ್ಲೇ ಹೇಳ್ತಿದ್ರು."